ಚಿತ್ರದ ಬೆನ್ನು ನೋಡಿ ಕೊಳ್ಳಿ

ಗೃಹಪ್ರವೇಶ ಮುಗಿದು ಒಂದೆರಡು ತಿಂಗಳಾದ ಮೇಲೆ ಹಾಲ್‌ನ ದೊಡ್ಡ ಗೋಡೆ ಬೋಳು ಬೋಳಾಗಿ ಕಾಣತೊಡಗುತ್ತದೆ. ದೇವರ ಪಟಗಳಿಗೆ ಪೂಜೆಯ ಕೋಣೆಯಿದೆ, ಅಜ್ಜ ಅಜ್ಜಿಯರ ಫೋಟೊಗಳಿಗೆ ಬೇರೊಂದು ಜಾಗವಿದೆ. ಉಳಿದ ಗೋಡೆಗೆ ಬೆಟ್ಟ, ಕೆರೆ, ಮರಗಳ ಒಂದು ಚಿತ್ರವಿದ್ದರೆ ಚೆನ್ನ ಎಂದು ಮನೆಯವರಿಗೆಲ್ಲ ಅನಿಸುತ್ತದೆ. ಈಚಿನ ವರ್ಷಗಳಲ್ಲಿ ಅದು ಹಳೆಯ ಚಿತ್ರವೇ ಆಗಿರಬೇಕು, ‘ವಿಂಟೇಜ್’ ಆಗಿರಬೇಕು ಎಂಬ ಆಸೆಯೂ ಸೇರಿಕೊಂಡಿದೆ. ಮೊಬೈಲಿನಲ್ಲಿ ಹುಡುಕಿದರೆ ಸಾವಿರಾರು ಸಿಗುತ್ತವೆ: ಯುರೋಪಿನ ಹುಲ್ಲುಗಾವಲು, ಮಂಜು ಮುಸುಕಿದ ಹೊಳೆ, ದೂರದಲ್ಲೊಂದು ಚರ್ಚಿನ ಗೋಪುರ. ಅವುಗಳಲ್ಲಿ ಹೆಚ್ಚಿನವು ಮೂಲ ಚಿತ್ರದ ಫೋಟೊವನ್ನು ತುಸು ಕಂದು ಬಣ್ಣಕ್ಕೆ ತಿರುಗಿಸಿ ಕ್ಯಾನ್ವಾಸಿನ ಮೇಲೆ ಮುದ್ರಿಸಿದವು. ಅವು ಹಳೆಯವಲ್ಲ, ಯಾರ ಕೈಯೂ ಬರೆದವಲ್ಲ. ಆ ಹುಲ್ಲುಗಾವಲಿನಲ್ಲಿ ನಾವು ಯಾರೂ ನಡೆದವರೂ ಅಲ್ಲ.

ನಮ್ಮ ನೆಲವನ್ನೇ ನೋಡಿ ಬರೆದ ಹಳೆಯ ಚಿತ್ರಗಳು ಇವೆ, ಅವು ಇಂದಿಗೂ ಕೊಳ್ಳಲು ಸಿಗುತ್ತವೆ, ಸಾಮಾನ್ಯ ಸಂಬಳದವರ ಕೈಗೂ ಎಟುಕುವಂಥವು ಅವುಗಳಲ್ಲಿವೆ ಎಂಬುದನ್ನು ಹೇಳಲು ಈ ಬರಹ. ಅವನ್ನು ಗುರುತಿಸುವ ಕಣ್ಣು ಬೇಕು. ಆ ಕಣ್ಣನ್ನು ಯಾರು ಬೇಕಾದರೂ ಪಳಗಿಸಿಕೊಳ್ಳಬಹುದು.

ಮೊದಲು ಇನ್ನೂರು ವರ್ಷ ದಾಟಿದ ಚಿತ್ರಗಳನ್ನು ನೋಡೋಣ. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧ ಕನ್ನಡ ನಾಡಿನ ಬೆಟ್ಟಗಳನ್ನು ಲಂಡನ್ನಿನ ಗೋಡೆಗಳಿಗೆ ತಲುಪಿಸಿತು. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆಯನ್ನೂ ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಹಿಡಿಯಿತು. ಆ ದಂಡಿನ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದ. ಅವನಲ್ಲದೆ ಕೈಗೆ ಕಾಗದ ಸಿಕ್ಕರೆ ಬೆಟ್ಟ ಬರೆಯಬಲ್ಲ ಸೈನಿಕರೂ ಇದ್ದರು. ಭೂಪಟವನ್ನೂ ಶತ್ರುವಿನ ಕೋಟೆಯ ನೋಟವನ್ನೂ ಬರೆಯಲು ಬರಬೇಕೆಂದು ಇಂಗ್ಲೆಂಡಿನ ವೂಲಿಚ್ ಸೈನಿಕ ಶಾಲೆಯಲ್ಲಿ ಅಧಿಕಾರಿಗಳಾಗುವವರಿಗೆ ಚಿತ್ರಕಲೆ ಕಲಿಸುತ್ತಿದ್ದ ಕಾಲ ಅದು. ಅಲ್ಲಿ ಪಾಠ ಹೇಳುತ್ತಿದ್ದವನು ಪಾಲ್ ಸ್ಯಾಂಡ್‌ಬಿ ಎಂಬ ಹೆಸರಾಂತ ಜಲವರ್ಣ ಕಲಾವಿದ. ಯುದ್ಧ ಮುಗಿಯುತ್ತಿದ್ದಂತೆ ಮೈಸೂರು ಸೀಮೆಯ ನೋಟಗಳ ಪುಸ್ತಕಗಳು ಒಂದರ ಹಿಂದೆ ಒಂದು ಲಂಡನ್ನಿನಲ್ಲಿ ಹೊರಬಂದವು. ಹೋಮ್‌ನದು, ಅಲೆಗ್ಸಾಂಡರ್ ಅಲನ್‌ನದು, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದ ರಾಬರ್ಟ್ ಕೋಲ್‌ಬ್ರೂಕ್‌ನದು, ಫಿರಂಗಿ ದಳದ ಜೇಮ್ಸ್ ಹಂಟರ್‌ನದು. ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳು ಅಚ್ಚಾದದ್ದು ಆಮೇಲೆ ಹನ್ನೆರಡು ಹದಿಮೂರು ವರ್ಷಕ್ಕೆ.

ಇವರೆಲ್ಲರಿಗಿಂತ ಹೆಸರಾದವರು ಥಾಮಸ್ ಮತ್ತು ವಿಲಿಯಂ ಡೇನಿಯಲ್. ಚಿಕ್ಕಪ್ಪ ಮತ್ತು ಅಣ್ಣನ ಮಗನ ಈ ಜೋಡಿ 1792ರಲ್ಲಿ ಮದ್ರಾಸಿನಿಂದ ಹೊರಟು ಯುದ್ಧದ ಬಿಸಿ ಆರದ ಇದೇ ದಾರಿಯಲ್ಲಿ ಬೆಟ್ಟ ಬೆಟ್ಟ ನೋಡುತ್ತ ಸಾಗಿತು. ಹೊಸೂರು, ರಾಯಕೋಟೆ, ಬಾರಾಮಹಲ್ ಸೀಮೆಯ ಗಿರಿದುರ್ಗಗಳು ಅವರ ‘ಓರಿಯೆಂಟಲ್ ಸೀನರಿ’ ಸಂಪುಟಗಳಲ್ಲಿವೆ. 1795ರಿಂದ 1808ರವರೆಗೆ ಹೊರಬಂದ ಆ ಸಂಪುಟಗಳಲ್ಲಿ ಒಟ್ಟು 144 ಚಿತ್ರಗಳು. ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿ ಡೇನಿಯಲ್ಲರ ಮೂಲ ಚಿತ್ರಗಳ ದೊಡ್ಡ ಸಂಗ್ರಹವೇ ಇದೆ. ಅತ್ತ ಹೋದವರು ತಪ್ಪದೆ ನೋಡಬೇಕು.

ಈ ಚಿತ್ರಗಳು ಬಲು ಚೆಲುವಾಗಿವೆ. ಆದರೆ ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದೇ ಕೊಳ್ಳಬೇಕು. ಇವು ಟಿಪ್ಪುವಿನ ಮೇಲಿನ ಗೆಲುವನ್ನು ಕಣ್ತುಂಬ ನೋಡಬಯಸಿದ ಲಂಡನ್ನಿನ ಸಿರಿವಂತರಿಗಾಗಿ ಮಾಡಿದವು. ಮುಂಭಾಗದಲ್ಲಿ ಒಂದು ಮರ, ಅದರಡಿ ಇಬ್ಬರು ಮೂವರು ದಾರಿಹೋಕರು, ಹಿಂದೆ ಆಕಾಶಕ್ಕೆ ಚಾಚಿದ ಬಂಡೆ: ಆ ಕಾಲದ ಇಂಗ್ಲಿಷ್ ಅಭಿರುಚಿ ಬಯಸಿದ ಕಟ್ಟು ಇದು. ಚಿತ್ರ ಹಾಗೆ ಕೂರಲೆಂದು ಬೆಟ್ಟವನ್ನು ಎತ್ತರಿಸಿದ್ದಾರೆ, ಇಳಿಜಾರನ್ನು ಕಡಿದಾಗಿಸಿದ್ದಾರೆ. ಸಾವನದುರ್ಗದ ಕಾಳಗದಲ್ಲಿ ಸತ್ತವರು ಅಲ್ಲಿ ಕಾಣುವುದಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಈ ಚಿತ್ರಗಳನ್ನು ಮನೆಯಲ್ಲಿ ತೂಗುಹಾಕಬೇಕೆಂದೇ ಹೇಳುತ್ತೇನೆ. ಅದೇ ಸಾವನದುರ್ಗ ಮಾಗಡಿಯ ಹತ್ತಿರ ಇಂದಿಗೂ ನಿಂತಿದೆ. ಚಿತ್ರದ ಫೋಟೊವನ್ನು ಮೊಬೈಲಿನಲ್ಲಿಟ್ಟುಕೊಂಡು ಒಂದು ಭಾನುವಾರ ಅಲ್ಲಿಗೆ ಹೋಗಿ, ಚಿತ್ರಕಾರ ಎಲ್ಲಿ ಕೂತು ಬರೆದಿರಬಹುದೆಂದು ಹುಡುಕಿ. ಅವನು ಕಂಡದ್ದೆಷ್ಟು, ಸೇರಿಸಿದ್ದೆಷ್ಟು ಎಂದು ಮಕ್ಕಳಿಗೆ ತೋರಿಸಿ. ಯುರೋಪಿನ ಹುಲ್ಲುಗಾವಲಿನ ಚಿತ್ರ ಈ ಅವಕಾಶ ಕೊಡುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಇಂಥ ಹಾಳೆಗಳು ಕುಂಚದಿಂದ ಬರೆದ ಚಿತ್ರಗಳಲ್ಲ, ತಾಮ್ರದ ತಗಡಿನಿಂದ ತೆಗೆದ ಅಚ್ಚುಗಳು. ಹಲವು ‘ಆಕ್ವಾಟಿಂಟ್’ ಎಂಬ ವಿಧಾನದವು. ತಗಡಿನ ಮೇಲೆ ರಾಳದ ನುಣ್ಣನೆಯ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಪುಡಿಯ ಕಣಗಳ ಸುತ್ತಲಿನ ಲೋಹವನ್ನು ಆಮ್ಲ ತಿನ್ನುತ್ತದೆ. ಹೆಚ್ಚು ಹೊತ್ತು ತಿಂದ ಕಡೆ ಮಸಿ ಹೆಚ್ಚು ನಿಂತು ಛಾಯೆ ಗಾಢವಾಗುತ್ತದೆ. ಹೀಗಾಗಿ ಜಲವರ್ಣದಂಥದೇ ಮೆದು ನೆರಳು ಅಚ್ಚಿನಲ್ಲೂ ಬರುತ್ತದೆ. ಅದರ ಮೇಲೆ ಬಣ್ಣವನ್ನು ಪ್ರತಿಯೊಂದು ಹಾಳೆಗೂ ಕೈಯಿಂದಲೇ ತುಂಬುತ್ತಿದ್ದರು.

ಇದು ತಿಳಿದಿದ್ದರೆ ಅಸಲಿಯನ್ನು ಗುರುತಿಸುವುದು ಕಷ್ಟವಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ಆಕಾಶದ ಭಾಗಕ್ಕೆ ಹಿಡಿದು ನೋಡಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲಾಗಿ, ಹೂವಿನಾಕಾರದಲ್ಲಿ ಕೂತಿದ್ದರೆ ಅದು ಈಚಿನ ಆಫ್‌ಸೆಟ್ ಮುದ್ರಣ. ಹಳೆಯ ಅಚ್ಚಿನ ಫೋಟೊ ತೆಗೆದು ಛಾಪಿಸಿದ್ದು. ಕ್ರಮವಿಲ್ಲದ ಸಣ್ಣ ಬಲೆಯಂಥ ಕಣಗಳೂ, ಗೆರೆ ದಾಟಿ ಅಲ್ಲಲ್ಲಿ ಹರಡಿದ ಬಣ್ಣವೂ ಕಂಡರೆ ಮುಂದಿನ ಪರೀಕ್ಷೆಗೆ ಹೋಗಬಹುದು. ಹಾಳೆಯ ಅಂಚಿನ ಒಳಗೆ ತಗಡು ಒತ್ತಿದ ಚೌಕದ ಗುರುತು ಬೆರಳಿಗೆ ತಾಗುತ್ತದೆಯೇ ನೋಡಿ. ಅಂಚು ಕತ್ತರಿಸಿದ್ದರೆ ಆ ಗುರುತು ಹೋಗಿರುತ್ತದೆ. ಆಮೇಲೆ ಚಿತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ. ಅಚ್ಚಿನ ತಗಡಿನ ಮೇಲೆ ಒಡೆಯನ ಹೆಸರೂ ಪ್ರಕಟವಾದ ದಿನಾಂಕವೂ ಇರಬೇಕೆಂದು 1735ರ ಬ್ರಿಟಿಷ್ ಕಾಯಿದೆ ವಿಧಿಸಿತ್ತು. ಆದ್ದರಿಂದ ಹಲವು ಅಚ್ಚುಗಳು ತಮ್ಮ ಹುಟ್ಟಿದ ದಿನವನ್ನು ತಾವೇ ಹೇಳುತ್ತವೆ. ಕೊನೆಗೆ ಹಾಳೆಯನ್ನು ಬೆಳಕಿಗೆ ಹಿಡಿಯಿರಿ. ಕಾಗದದೊಳಗೆ ತಯಾರಕನ ಹೆಸರು, ಕೆಲವೊಮ್ಮೆ ಇಸವಿ, ನೀರ್ಗುರುತಾಗಿ ಕಾಣುತ್ತದೆ. ಇಂಗ್ಲೆಂಡಿನ ‘ವಾಟ್‌ಮನ್’ ಕಾಗದದ ಗುರುತು ಇಂಥ ಹಾಳೆಗಳಲ್ಲಿ ಸಿಗುತ್ತದೆ. ಅಚ್ಚಿನ ಕೆಳಗೆ 1794 ಎಂದಿದ್ದು ಕಾಗದದೊಳಗೆ 1820ರ ಇಸವಿ ಇದ್ದರೆ ಅದೇ ತಗಡಿನಿಂದ ಆಮೇಲೆ ತೆಗೆದ ಪ್ರತಿ. ಅದೂ ಹಳೆಯದೇ, ಆದರೆ ಬೆಲೆ ಮೊದಲ ಪ್ರತಿಯದಾಗಬಾರದು.

ಗಾತ್ರವೂ ಮಾತಾಡುತ್ತದೆ. ಡೇನಿಯಲ್ಲರ ದೊಡ್ಡ ಅಚ್ಚುಗಳ ಅಗಲ ಸುಮಾರು 60 ಸೆಂಟಿಮೀಟರ್. ಅವರೇ 1812ರಿಂದ 1816ರ ನಡುವೆ ಚಿಕ್ಕ ಗಾತ್ರದ ಆವೃತ್ತಿಯನ್ನೂ ತಂದರು. ಎರಡೂ ಅಸಲಿಯೇ, ಬೆಲೆ ಮಾತ್ರ ಬೇರೆ ಬೇರೆ. ಅನುಮಾನ ಬಂದರೆ ಕೆಲವು ದೊಡ್ಡ ಸಂಗ್ರಹಾಲಯಗಳು ಇವನ್ನು ಅಂತರಜಾಲದಲ್ಲಿ ಅಳತೆ ಸಮೇತ ಇಟ್ಟಿವೆ, ಹೋಲಿಸಿ ನೋಡಿ.

ಒಂದು ಸಂಕಟದ ಮಾತು ಹೇಳಲೇಬೇಕು. ಇಂದು ಬಿಡಿಯಾಗಿ ಸಿಗುವ ಅನೇಕ ಹಾಳೆಗಳು ಪುಸ್ತಕಗಳಿಂದ ಹರಿದವು. ಇಡೀ ಪುಸ್ತಕ ಮಾರುವುದಕ್ಕಿಂತ ಚಿತ್ರಗಳನ್ನು ಕಿತ್ತು ಒಂದೊಂದಾಗಿ ಮಾರಿದರೆ ಹೆಚ್ಚು ದುಡ್ಡು ಬರುತ್ತದೆ. ನೂರು ವರ್ಷದ ಹಿಂದೆ ಬಿಡಿಬಿಡಿಯಾದ ಹಾಳೆಯನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಕಣ್ಣೆದುರೇ ಗಟ್ಟಿ ಪುಸ್ತಕವೊಂದರಿಂದ ಹಾಳೆ ಕತ್ತರಿಸಿ ಕೊಡುತ್ತೇನೆಂದರೆ ಎದ್ದು ಬನ್ನಿ. ಹಾಗೆ ಕತ್ತರಿಸಿದ ಪುಸ್ತಕ ಮತ್ತೆ ಪುಸ್ತಕವಾಗುವುದಿಲ್ಲ.

ಇಷ್ಟು ಹಳೆಯದು ಎಲ್ಲರಿಗೂ ಬೇಕಿಲ್ಲ. ನನಗೆ ಹೆಚ್ಚು ಪ್ರೀತಿಯಿರುವುದು ಇನ್ನೊಂದು ಬಗೆಯ ಚಿತ್ರಗಳ ಮೇಲೆ, ಅಂದರೆ ಸುಮಾರು 1930ರಿಂದ 1980ರವರೆಗೆ ನಮ್ಮವರೇ ನಮ್ಮ ಊರುಗಳನ್ನು ಬರೆದ ಚಿತ್ರಗಳ ಮೇಲೆ. ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್‌ಗಳ ಜಲವರ್ಣಗಳನ್ನು ಒಮ್ಮೆ ನೋಡಿದವರು ಮರೆಯಲಾರರು. ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ವೆಂಕಟಪ್ಪ ಬೆಟ್ಟದ ಮಂಜನ್ನು, ಮೋಡದ ನೆರಳನ್ನು ಧ್ಯಾನಸ್ಥರಂತೆ ಕೂತು ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟಗಾರರಾಗಿದ್ದವರು. ರಸ್ತೆಬದಿಯಲ್ಲೇ ಕೂತು ಬೆಂಗಳೂರಿನ ಹೂಬಿಟ್ಟ ಮರಗಳನ್ನು ಉರಿಯುವ ಬಣ್ಣಗಳಲ್ಲಿ ಬರೆದರು. ಇವರ ಕೃತಿಗಳನ್ನು ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕಣ್ಣು ಪಳಗಲು ಅವನ್ನು ನೋಡಬೇಕು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು, ಮೈಸೂರಿನ ಜಗನ್ಮೋಹನ ಅರಮನೆ, ಇವುಗಳಲ್ಲಿ ಒಂದೊಂದು ಮಧ್ಯಾಹ್ನ ಕಳೆದವರು ಅಂಗಡಿಯಲ್ಲಿ ಸುಲಭಕ್ಕೆ ಮೋಸ ಹೋಗುವುದಿಲ್ಲ.

ಕೊಳ್ಳಬಹುದಾದದ್ದು ಹೆಸರಾಗದವರ ಚಿತ್ರ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಟ್ಟಿದ ಕಲಾಶಾಲೆ, ಗದಗಿನಲ್ಲಿ ಟಿ.ಪಿ. ಅಕ್ಕಿಯವರ ವಿಜಯ ಕಲಾಮಂದಿರ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇಂಥಲ್ಲೆಲ್ಲ ಕಲಿತವರಲ್ಲಿ ಎಷ್ಟೋ ಜನ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾದರು. ಮುಂಬೈ ಕಡೆಯ ಕಲಾಪದ್ಧತಿಯಲ್ಲಿ ಪಳಗಿದ ಅವರಿಗೆ ಹೊರಗೆ ಕೂತು ನಿಸರ್ಗಚಿತ್ರ ಬರೆಯುವುದು ನಿತ್ಯದ ಸಾಧನೆಯಾಗಿತ್ತು. ರಜೆ ಬಂದರೆ ಹಂಪಿ, ಬಾದಾಮಿ, ಜೋಗ. ರಜೆಯಿಲ್ಲದಾಗ ಊರ ಕೆರೆ, ಸಂತೆಮಾಳ, ಹುಣಿಸೆಮರ. ಬರೆದದ್ದನ್ನು ಮದುವೆಗೆ ಉಡುಗೊರೆ ಕೊಟ್ಟರು, ಶಾಲೆಯ ಗೋಡೆಗೆ ಕೊಟ್ಟರು, ಉಳಿದದ್ದು ಟ್ರಂಕಿಗೆ ಸೇರಿತು. ಈಗ ಆ ಮನೆಗಳು ಒಡೆದು ಅಪಾರ್ಟ್‌ಮೆಂಟುಗಳಾಗುವಾಗ ಹಳೇ ಕುರ್ಚಿ, ತಾಮ್ರದ ಹಂಡೆಗಳ ಜೊತೆ ಅವು ಗುಜರಿಗೆ ಬರುತ್ತಿವೆ. ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳಿಂದ, ಚಿಕ್ಕಮಗಳೂರು ಮತ್ತು ಕೊಡಗಿನ ಹಳೆಯ ತೋಟದ ಮನೆಗಳಿಂದಲೂ ಹೀಗೆಯೇ ಹವ್ಯಾಸಿಗಳು ಬರೆದ ಜಲವರ್ಣಗಳು ಹೊರಬೀಳುತ್ತವೆ. ಹಳೇ ಸಾಮಾನಿನ ಅಂಗಡಿ, ಹಳೇ ಪುಸ್ತಕದ ಅಂಗಡಿ, ಮನೆ ಖಾಲಿ ಮಾಡುವವರ ಮಾರಾಟ, ಸಣ್ಣ ಹರಾಜು ಇವೇ ಹುಡುಕುವ ಜಾಗಗಳು. ಮುಂಬೈಗೆ ಹೋಗುವವರು ಚೋರ್ ಬಜಾರಿನ ಮಟನ್ ಸ್ಟ್ರೀಟನ್ನೂ ಸೇರಿಸಿಕೊಳ್ಳಬಹುದು.

ಇಂಥ ಚಿತ್ರಕ್ಕೆ ಪ್ರಮಾಣಪತ್ರವಿಲ್ಲ, ಹೆಸರಿನ ಬಲವಿಲ್ಲ. ಅದಕ್ಕೇ ಚಿತ್ರದ ಬೆನ್ನು ಮುಖ್ಯ. ಅಂಗಡಿಯವನು ಮುಂಭಾಗವನ್ನು ಒರೆಸಿ ಹೊಳಪು ಮಾಡಿರುತ್ತಾನೆ. ಹಿಂಭಾಗವನ್ನು ಸಾಮಾನ್ಯವಾಗಿ ಯಾರೂ ಮುಟ್ಟಿರುವುದಿಲ್ಲ. ತೈಲವರ್ಣವಾದರೆ ತಿರುಗಿಸಿ ನೋಡಿ. ಕ್ಯಾನ್ವಾಸಿನ ಬಟ್ಟೆ ಹಳೆಯದಾದಂತೆ ಕಂದಾಗುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಮರದ ಪಟ್ಟಿಯ ಹಿಂದೆ ಗಾಳಿ ಬೆಳಕು ಕಡಿಮೆ ಸೋಕುವುದರಿಂದ ಅಲ್ಲಿನ ಬಣ್ಣ ಬೇರೆಯಾಗಿರುತ್ತದೆ. ಎಲ್ಲ ಕಡೆ ಒಂದೇ ಥರ ಕಂದಾಗಿದ್ದರೆ ಚಹಾ ನೀರೋ ಬಣ್ಣವೋ ಬಳಿದಿರಬಹುದು. ಬಟ್ಟೆಯನ್ನು ಚೌಕಟ್ಟಿಗೆ ಹೊಡೆದಿರುವುದು ತುಕ್ಕು ಹಿಡಿದ ಸಣ್ಣ ಮೊಳೆಗಳೋ, ಹೊಳೆಯುವ ಸ್ಟೇಪ್ಲರ್ ಪಿನ್ನುಗಳೋ? ಪಿನ್ನುಗಳಾದರೆ ಚಿತ್ರ ಈಚಿನದು ಅಥವಾ ಈಚೆಗೆ ಮತ್ತೆ ಬಿಗಿಸಿದ್ದು. ಯಾವುದೆಂದು ಕೇಳಿ. ಹಿಂದೆ ಚೀಟಿಯಿದೆಯೇ, ಫ್ರೇಮ್ ಅಂಗಡಿಯ ಹೆಸರು, ಪ್ರದರ್ಶನದ ಸಂಖ್ಯೆ, ಪೆನ್ಸಿಲಿನಲ್ಲಿ ಬರೆದ ಊರು, ತಾರೀಕು ಇವೆಯೇ? ಆ ಒಂದು ಸಾಲಿನ ಬರಹ ಎಷ್ಟೋ ಸಲ ಮುಂಭಾಗದ ಸಹಿಗಿಂತ ನಂಬಿಕೆಗೆ ಅರ್ಹ.

ಸಹಿಯನ್ನು ಕೊನೆಗೆ ನೋಡಬೇಕು. ಅನಾಮಧೇಯ ಚಿತ್ರಕ್ಕೆ ದೊಡ್ಡವರ ಸಹಿ ಸೇರಿಸುವುದು ಹಳೆಯ ಕಸುಬು. ತೈಲವರ್ಣ ಹಳೆಯದಾಗಿ ಬಿರುಕು ಬಿಟ್ಟಿದ್ದರೆ ಭೂತಗನ್ನಡಿಯಲ್ಲಿ ಸಹಿಯ ಗೆರೆಯನ್ನು ಹಿಂಬಾಲಿಸಿ. ಅಸಲಿ ಸಹಿಯಾದರೆ ಬಿರುಕು ಅದನ್ನೂ ಸೀಳಿಕೊಂಡು ಹೋಗಿರುತ್ತದೆ. ಸಹಿಯ ಬಣ್ಣವೇ ಬಿರುಕಿನೊಳಗೆ ಇಳಿದಿದ್ದರೆ ಬಿರುಕು ಬಿಟ್ಟ ಮೇಲೆ ಬರೆದದ್ದು. ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಮೇಲೆ ಪಾರದರ್ಶಕ ಅಂಟನ್ನು ಕುಂಚದಿಂದ ಬಳಿದು ‘ಕೈಚಿತ್ರ’ ಎಂದು ಮಾರುವವರೂ ಇದ್ದಾರೆ. ಕುಂಚದ ಏರುತಗ್ಗು ಒಂದು ಕಡೆ ಸಾಗಿ, ಬಣ್ಣದ ಗೆರೆ ಇನ್ನೊಂದು ಕಡೆ ಸಾಗಿದ್ದರೆ ಅದು ಅಂಥದ್ದೇ.

ಜಲವರ್ಣದ ಪರೀಕ್ಷೆ ಬೇರೆ. ಫ್ರೇಮ್ ಬಿಚ್ಚಿ ತೋರಿಸಲು ಹೇಳಿ. ಬಿಚ್ಚಲು ಒಪ್ಪದಿದ್ದರೆ ಕೊಳ್ಳಬೇಡಿ. ಚಿತ್ರದ ಸುತ್ತ ಹಾಕುವ ರಟ್ಟಿನ, ಅಂದರೆ ಮೌಂಟಿನ, ಕೆಳಗೆ ಮುಚ್ಚಿಹೋಗಿದ್ದ ಅಂಚಿನಲ್ಲಿ ಮೂಲ ಬಣ್ಣ ಹಾಗೇ ಉಳಿದಿರುತ್ತದೆ. ನಡುವಿನ ಚಿತ್ರ ಎಷ್ಟು ಮಾಸಿದೆಯೆಂದು ಅದರಿಂದ ತಿಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ಮೋಡದ ಬೂದು ಬಣ್ಣಕ್ಕೆ ನೀಲಿ ಮತ್ತು ಕೆಮ್ಮಣ್ಣಿನ ಬಣ್ಣ ಬೆರೆಸುತ್ತಿದ್ದರು. ಬಿಸಿಲಿಗೆ ಇಂಡಿಗೊ ನೀಲಿ ಹಾರಿಹೋಗಿ ಕೆಂಪು ಮಾತ್ರ ಉಳಿಯುತ್ತದೆ. ಆಕಾಶವೆಲ್ಲ ಗುಲಾಬಿಯಾಗಿ ಕಂಡರೆ ಸೂರ್ಯಾಸ್ತದ ಚಿತ್ರವೆಂದು ಬೆಲೆ ಹೇಳುತ್ತಾರೆ. ಅದು ನಡುಹಗಲ ಮಳೆಮೋಡವಾಗಿದ್ದಿರಬಹುದು. ಕಾಗದದ ಮೇಲಿನ ಕಂದು ಚುಕ್ಕೆಗಳು ತೇವದ ಗುರುತು. ನಾಲ್ಕಾರು ಚುಕ್ಕೆಗಳಿದ್ದರೆ ಹೆದರಬೇಕಿಲ್ಲ. ಕಾಗದ ಮುಟ್ಟಿದರೆ ಪುಡಿಯಾಗುವಂತಿದ್ದರೆ, ಬೂಷ್ಟಿನ ವಾಸನೆ ಬಂದರೆ ಬಿಟ್ಟುಬಿಡಿ. ಆ ಬೂಷ್ಟು ಮನೆಯ ಪುಸ್ತಕಗಳಿಗೂ ಹಬ್ಬುತ್ತದೆ.

ಕಾನೂನಿನ ಮಾತು ಚಿಕ್ಕದು, ಆದರೆ ತಿಳಿದಿರಬೇಕು. 1972ರ ಪುರಾವಸ್ತು ಮತ್ತು ಕಲಾ ನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಚಿತ್ರ ಪುರಾವಸ್ತು. ಅದರ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ನಿಕೊಲಾಸ್ ರೋರಿಕ್ ಮೊದಲಾದ ಒಂಬತ್ತು ಕಲಾವಿದರ ಕೃತಿಗಳಿಗೂ, ನೂರು ವರ್ಷ ತುಂಬದಿದ್ದರೂ, ರಫ್ತು ನಿಷೇಧವಿದೆ. ಅಮೆರಿಕದಲ್ಲಿರುವ ಮಗಳ ಮನೆಗೆ ಸೂಟ್‌ಕೇಸಿನಲ್ಲಿಟ್ಟು ಕಳಿಸುವ ಯೋಚನೆಯಿದ್ದರೆ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ದುಬಾರಿ ಚಿತ್ರವಾದರೆ ರಸೀದಿಯಲ್ಲಿ ಚಿತ್ರಕಾರನ ಹೆಸರು, ಮಾಧ್ಯಮ, ಅಳತೆ, ಕಾಲ, ಎಲ್ಲಿಂದ ಬಂದದ್ದೆಂಬುದು ಬರೆದಿರಲಿ. ‘ಹಳೆಯ ಚಿತ್ರ ಒಂದು’ ಎಂದಷ್ಟೇ ಬರೆದ ರಸೀದಿ ನಾಳೆ ಯಾವ ತಕರಾರಿಗೂ ಒದಗುವುದಿಲ್ಲ.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಸರಳ. ಹೂಡಿಕೆಯೆಂದು ಕೊಳ್ಳಬೇಡಿ. ಹೆಸರಾಗದ ಮೇಷ್ಟ್ರೊಬ್ಬರ ಕೆರೆಯ ಚಿತ್ರ ಹತ್ತು ವರ್ಷದ ಮೇಲೆ ದುಪ್ಪಟ್ಟು ಆಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಕೆರೆ ಈಗ ಇಲ್ಲದಿರಬಹುದು ಎಂಬುದೇ ಅದರ ಬೆಲೆ. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಯಾವ ಜಿಲ್ಲೆಗೆ ಹೋದರೂ ಇಂಥ ಪಟ್ಟಿ ಬೆಳೆಯುತ್ತದೆ. ಆ ನೀರನ್ನು, ಆ ದಂಡೆಯ ಮರವನ್ನು ಬಣ್ಣ ಸಮೇತ ಕಂಡು ಬರೆದಿಟ್ಟವರು ಈ ಮೇಷ್ಟ್ರುಗಳೇ. ಆ ಕಾಲದ ಕಪ್ಪುಬಿಳುಪು ಫೋಟೊದಲ್ಲಿ ಆ ಬಣ್ಣ ಸಿಗುವುದಿಲ್ಲ. ಸೋಫಾದ ಬಟ್ಟೆಗೆ ಹೊಂದುತ್ತದೆಯೇ ಎಂದು ನೋಡಿ ಚಿತ್ರ ಆರಿಸುವವರಿಗೆ ನಾನು ಹೇಳುವುದಿಷ್ಟೇ: ಸೋಫಾ ಹತ್ತು ವರ್ಷಕ್ಕೆ ಬದಲಾಗುತ್ತದೆ, ಆಗ ಬಟ್ಟೆಯನ್ನು ಚಿತ್ರಕ್ಕೆ ಹೊಂದಿಸಿಕೊಳ್ಳಿ.

ಮನೆಗೆ ತಂದ ಮೇಲೆ ಚಿತ್ರ ಕೆಡುವುದು ಹೆಚ್ಚಾಗಿ ನಮ್ಮ ಮಳೆಗಾಲದಿಂದ ಮತ್ತು ಅಗ್ಗದ ಫ್ರೇಮಿನಿಂದ. ಸಾಮಾನ್ಯ ಮೌಂಟ್ ಬೋರ್ಡಿನಲ್ಲಿ ಆಮ್ಲವಿರುತ್ತದೆ. ಕೆಲವೇ ವರ್ಷದಲ್ಲಿ ಚಿತ್ರದ ಸುತ್ತ ಕಂದು ಪಟ್ಟಿ ಬೀಳುತ್ತದೆ. ಆಮ್ಲರಹಿತ ಬೋರ್ಡ್ ಕೇಳಿ ಹಾಕಿಸಿ. ಗಾಜು ಕಾಗದಕ್ಕೆ ತಾಗದಂತೆ ಮೌಂಟ್ ನಡುವೆ ಇರಲಿ, ಇಲ್ಲವಾದರೆ ತೇವಕ್ಕೆ ಚಿತ್ರ ಗಾಜಿಗೇ ಅಂಟಿಕೊಳ್ಳುತ್ತದೆ. ಸೆಲೊಟೇಪ್ ಚಿತ್ರಕ್ಕೆ ಸೋಕಲೇಬಾರದು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆ ಬಡಿಯುವ ಹೊರಗೋಡೆಗೆ ಚಿತ್ರ ಹಾಕಬೇಡಿ, ಒಳಗೋಡೆಗೆ ಹಾಕಿ. ಫ್ರೇಮಿನ ಕೆಳಮೂಲೆಗಳ ಹಿಂದೆ ಕಾರ್ಕಿನ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಬಿಸಿಲು ಬೀಳುವ ಗೋಡೆ ಜಲವರ್ಣಕ್ಕೆ ಮೃತ್ಯು; ಸಂಗ್ರಹಾಲಯಗಳಲ್ಲಿ ಅದನ್ನು ಸುಮಾರು 50 ಲಕ್ಸ್‌ನ ಮಂದ ಬೆಳಕಿನಲ್ಲಿಡುವುದು ಇದೇ ಕಾರಣಕ್ಕೆ. ತೈಲವರ್ಣ ಕೊಳೆಯಾಗಿದೆಯೆಂದು ಒದ್ದೆ ಬಟ್ಟೆಯಿಂದಾಗಲಿ, ಆಲೂಗೆಡ್ಡೆ ಹೋಳಿನಿಂದಾಗಲಿ ಉಜ್ಜಬೇಡಿ, ಬಣ್ಣವೇ ಎದ್ದುಬರುತ್ತದೆ. ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಸಂಸ್ಥೆ ಬೆಂಗಳೂರಿನಲ್ಲಿ ಕಲಾಕೃತಿಗಳ ಸಂರಕ್ಷಣಾ ಕೇಂದ್ರ ನಡೆಸುತ್ತಿದೆ. ತಿಳಿದವರ ಕೈಗೆ ಕೊಡುವುದೇ ಕ್ಷೇಮ.

ಕೊಳ್ಳುವ ಮುಂಚೆ ಇನ್ನೊಂದು ಕೆಲಸವಿದೆ. ನಿಮ್ಮ ಊರಿನ ಮನೆಯ ಅಟ್ಟದಲ್ಲಿ, ಸೋದರಮಾವನ ಹಳೇ ಟ್ರಂಕಿನಲ್ಲಿ, ನೀವು ಕಲಿತ ಶಾಲೆಯ ಸ್ಟಾಫ್ ರೂಮಿನಲ್ಲಿ ಇಂಥ ಚಿತ್ರವೊಂದು ಇರಬಹುದು. ಕೇಳಿ ನೋಡಿ. ಸಿಕ್ಕರೆ ಗುಜರಿಗೆ ಹೋಗಲು ಬಿಡಬೇಡಿ. ಬರೆದವರು ಯಾರು, ಯಾವ ಊರಿನ ನೋಟ, ಯಾವ ವರ್ಷ ಎಂದು ಗೊತ್ತಿರುವ ಹಿರಿಯರು ಇರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದು, ಫ್ರೇಮಿನ ಹಿಂದಿನ ಹಲಗೆಗೆ ಅಂಟಿಸಿಡಿ.